ಮೈಗೆ ಹತ್ತಿದ ಊಟ

ನನ್ನ ನೆಸ್ಸಾ,

ನೀನು ಐರಿಷ್ ಭಾಷೆ ಕಲಿಯುವ ಬೇಸಿಗೆ ಶಿಬಿರಕ್ಕೆಂದು ಕಡಲ ತೀರದ ಊರಿಗೆ ಹೋಗಿ ಮೂರು ದಿನವಾಯಿತು. ಈ ಹನ್ನೆರಡು ವರ್ಷಗಳಲ್ಲಿ ಆಸ್ಪತ್ರೆಯನ್ನು ಬಿಟ್ಟರೆ ನೀನು ಮನೆಯಿಂದ ಹೊರಗೆ ಮಲಗಿದ್ದು ಇದೇ ಮೊದಲು.

ಹುಟ್ಟಿದಾಗ ನಿನಗೆ ತೀರದ ಹಸಿವು. ಎಷ್ಟು ಹಾಲು ಕುಡಿದರೂ ಮೈಗೆ ಹತ್ತುತ್ತಿರಲಿಲ್ಲ, ಕೈಕಾಲು ಕಡ್ಡಿಯ ಹಾಗೆ. ನಿನ್ನಮ್ಮ ಮುತ್ತಿಟ್ಟು, ನನ್ನತ್ತ ತಿರುಗಿ, "ಫಿಂಟನ್, ಮಗುವಿನ ಹಣೆ ಉಪ್ಪುಪ್ಪಾಗಿದೆ," ಎಂದಳು. ಡಾಕ್ಟರು ಅದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಹೇಳಿದರು. ಅಂಟಾದ ಲೋಳೆ ದಾರಿ ಕಟ್ಟಿ, ಜೀರ್ಣರಸ ಕರುಳಿಗೆ ಇಳಿಯುವುದೇ ಇಲ್ಲವಂತೆ. ಅಂದಿನಿಂದ ಪ್ರತಿ ತುತ್ತಿಗೂ ಮೊದಲು ಆ ರಸ ತುಂಬಿದ ಮಾತ್ರೆ, ತೂಕ ಏರಲೆಂದು ತಟ್ಟೆಯ ತುಂಬ ಬೆಣ್ಣೆ, ಕೆನೆ.

ಒಂಬತ್ತನೇ ವಯಸ್ಸಿನಲ್ಲಿ ನಿನ್ನ ತೂಕ ಇಳಿಯತೊಡಗಿತು. ಹೊಟ್ಟೆಗೆ ನಳಿಕೆ ಹಾಕುವ ಮಾತು ಬಂತು. ಅಡುಗೆ ಸಾಲದೆಂದು ನಾನು ನಿನ್ನಮ್ಮನನ್ನೇ ಬೈದೆ. ಆಮೇಲೆ ನಿನ್ನ ಶಾಲೆಯ ಕೋಟಿನ ಅಸ್ತರಿನೊಳಗೆ ನೀನು ನುಂಗದೆ ಬಚ್ಚಿಟ್ಟ ಮಾತ್ರೆಗಳ ರಾಶಿಯೇ ಸಿಕ್ಕಿತು. "ಎಲ್ರೂ ನೋಡ್ತಾರಪ್ಪಾ. ಮುದುಕಿ ಅಂತಾರೆ," ಎಂದೆ ನೀನು. ಮರುದಿನದಿಂದ ನೀನು ಟೀಚರ್ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ನುಂಗತೊಡಗಿದೆ. ತೂಕವೇನೋ ಏರಿತು, ನಾಚಿಕೆ ಹೋಗಲಿಲ್ಲ.

ಅದಕ್ಕೇ ನಿನಗೆ ತಿಳಿಸದೆ ಶಿಬಿರದ ಹುಡುಗಿಯರು ಉಳಿದುಕೊಳ್ಳುವ ಮನೆಯ ಒಡತಿ ಮಿಸೆಸ್ ಕಾನ್‌ರಾಯ್‌ಗೆ ಕಾಗದ ಬರೆದಿದ್ದೆ. ಯಾರೂ ನೋಡದಂತೆ ಮಾತ್ರೆ ನುಂಗಲು ಹುಡುಗಿಗೆ ಅಡುಗೆಮನೆಯಲ್ಲಿ ಬೇರೆ ಕುರ್ಚಿ ಹಾಕಿಕೊಡಿ ಎಂದು.

ಇವತ್ತು ಹಾಲಿನ ಲಾರಿ ಬಿಟ್ಟು ಮನೆಗೆ ಬಂದರೆ ಆಕೆಯ ಫೋನು. ಮೊದಲ ಸಂಜೆಯೇ ಆ ಕುರ್ಚಿ ತೋರಿಸಿದರಂತೆ. ನೀನು ಥ್ಯಾಂಕ್ಸ್ ಹೇಳಿ, ತಟ್ಟೆ ಎತ್ತಿಕೊಂಡು ಹೋಗಿ ಏಳು ಹುಡುಗಿಯರ ನಡುವೆ ಕೂತೆಯಂತೆ. ಆಲೂಗಡ್ಡೆ ಮೇಲೆ ಅರ್ಧ ಮುದ್ದೆ ಬೆಣ್ಣೆ ಹಾಕಿಕೊಂಡು, ಮಾತ್ರೆಗಳನ್ನು ಮೇಜಿನ ಮೇಲೇ ಸುರಿದೆಯಂತೆ. ಎಲ್ಲರೂ ದಿಟ್ಟಿಸಿದಾಗ ನೀನು ಹೇಳಿದ್ದನ್ನು ಆಕೆ ನಗುತ್ತಲೇ ಒಪ್ಪಿಸಿದರು:

"ಇವಿಲ್ದಿದ್ರೆ ತಿಂದದ್ದು ನನ್ನ ಮೈಗೆ ಹತ್ತಲ್ಲ. ಅಷ್ಟೇ."

ಕೇಕಿಗೆ ಎಷ್ಟು ಮಾತ್ರೆ ಬೇಕೆಂದು ಎದುರಿನವಳು ಕೇಳಿದಳಂತೆ.

"ಮೂರು. ನಿನ್ ಪಾಲನ್ನೂ ಕೊಟ್ರೆ ಆರು."

ಫೋನಿಟ್ಟು ನಿನ್ನಮ್ಮನಿಗೆ ಹೇಳಲು ಹೋದೆ. ಎರಡು ಸಲ ಶುರುಮಾಡಬೇಕಾಯಿತು. ಮಗಳೇ, ನಿನ್ನ ಧೈರ್ಯವನ್ನು ನಾನು ಕಡಿಮೆ ಅಳೆದಿದ್ದೆ, ಕ್ಷಮಿಸು. ನಾಳೆ ಡೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳುವವನಿದ್ದೇನೆ, ನೀನು ಬೇಡವೆಂದರೂ.

ದೇವರು ನಿನ್ನ ಹಸಿವನ್ನು ಹೀಗೇ ಕಾಯಲಿ.

ನಿನ್ನ ಬಗ್ಗೆ ಹೆಮ್ಮೆಯಿಂದ ಬೀಗುತ್ತಿರುವ,
ಅಪ್ಪ