ಇಂದುಮತಿಯ ಕೊನೆಯ ಕಂತು

ಗದಗ, ಫೆಬ್ರವರಿ 30, 2191

ಕಾಗದದ ಮೇಲೆ ವಾರಪತ್ರಿಕೆ ಓದುತ್ತಿರುವ ಹಿರಿಯರಿಗೆ ಚಂಪಾವತಿಯ ನಮಸ್ಕಾರ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ಹೆಚ್ಚು ಓದಿದವಳಲ್ಲ. ದಿನಚರಿ ಬರೆಯುವ ರೂಢಿಯಿದೆ, ಅಷ್ಟೇ.

ನಮ್ಮಲ್ಲೂ ಪತ್ರಿಕೆಗಳಿವೆ. ಅವುಗಳನ್ನು ‘ಒಬ್ಬೋಲೆ’ ಎನ್ನುತ್ತೇವೆ, ಏಕೆಂದರೆ ಪ್ರತಿ ಸಂಚಿಕೆಯೂ ಒಬ್ಬರಿಗಾಗಿಯೇ ತಯಾರಾಗುತ್ತದೆ. ನನ್ನದು ಅಡುಗೆಮನೆಯ ಗೋಡೆಯ ಮೇಲೆ ಮೂಡುತ್ತದೆ. ರೊಟ್ಟಿ ಬಡಿಯುತ್ತ ಓದುತ್ತೇನೆ. ಎಲ್ಲಿ ತಡೆದು ನಿಂತೆ, ಎಲ್ಲಿ ಮುಖ ಸಿಂಡರಿಸಿದೆ ಎಂಬುದನ್ನು ಗೋಡೆ ಗಮನಿಸುತ್ತದೆ. ನನಗೆ ಬೇಸರವಾದದ್ದು ಮತ್ತೆ ಬರುವುದಿಲ್ಲ. ಪಕ್ಕದ ಮನೆಯವರ ಪತ್ರಿಕೆಯಲ್ಲಿ ಏನು ಬಂತೆಂದು ಕೇಳುವುದನ್ನೇ ನಾವು ಬಿಟ್ಟಿದ್ದೇವೆ.

ನಾನು ಮತ್ತು ನನ್ನ ಅಕ್ಕ ನೀಲಾಂಬಿಕೆ ಒಂದೇ ಮನೆಯಲ್ಲಿದ್ದೆವು. ನಮ್ಮ ಮುತ್ತಜ್ಜಿಯ ಅಜ್ಜಿ ನಿಮ್ಮ ಕಾಲದ ವಾರಪತ್ರಿಕೆಯೊಂದರಿಂದ ಧಾರಾವಾಹಿಯ ಪುಟಗಳನ್ನು ಬಿಡಿಸಿ, ದಾರದಿಂದ ಹೊಲಿದು ಪುಸ್ತಕ ಮಾಡಿಟ್ಟಿದ್ದಳು. ಅದರಲ್ಲಿ ಇಂದುಮತಿ ಎಂಬ ಹೆಣ್ಣುಮಗಳು ಗಂಡನ ಮನೆ ಬಿಟ್ಟು ರೈಲಿಗಾಗಿ ಕಾಯುತ್ತ ಕೂತಿದ್ದಾಳೆ. ಕೆಳಗೆ, ಮುಂದಿನ ವಾರ ಮುಕ್ತಾಯ ಎಂದಿದೆ. ಆ ಮುಕ್ತಾಯವೇ ಇಲ್ಲ. ಆ ವಾರದ ಪತ್ರಿಕೆಯನ್ನು ಯಾರೋ ಓದಲು ಒಯ್ದವರು ಮರಳಿಸಲೇ ಇಲ್ಲವಂತೆ.

ಅದರ ಮೇಲೆ ನಮ್ಮ ಜಗಳ ವರ್ಷಗಟ್ಟಲೆ ನಡೆಯಿತು. ಇಂದುಮತಿ ಮನೆಗೆ ಹಿಂತಿರುಗುತ್ತಾಳೆ ಎಂದು ನಾನು. “ಏ ಹುಚ್ಚಿ, ರೈಲ್ ಹತ್ತಾಕ ಬಂದಾಕಿ ಹೊಳ್ಳಿ ಹೋಗಿ ಮತ್ತ ಅವನ ಅಂಗಿ ಒಗೀಬೇಕೇನು?” ಎಂದು ಅಕ್ಕ. ಕೊನೆಗೆ ನಾನೇ ಆ ಮುಕ್ತಾಯ ಕೊಡಿ ಎಂದು ಒಬ್ಬೋಲೆಯ ಕಚೇರಿಯನ್ನು ಕೇಳಿದೆ. ಮರುದಿನವೇ ಕೊನೆಯ ಕಂತು ಬಂತು. ನನ್ನ ಗೋಡೆಯಲ್ಲಿ ಇಂದುಮತಿ ಮನೆಗೆ ಮರಳಿದಳು, ಅಕ್ಕನ ಕೋಣೆಯ ಗೋಡೆಯಲ್ಲಿ ರೈಲು ಹತ್ತಿದಳು.

“ಗೆದ್ದೀವಲ್ಲ ಇಬ್ರೂ. ಇನ್ನ ಮಾತಾಡೂದರಾಗ ಏನೈತಿ ಬಿಡು,” ಎಂದಳು ಅಕ್ಕ. ಅಂದಿನಿಂದ ಊಟದ ಹೊತ್ತಿಗೆ ತಟ್ಟೆಯ ಸದ್ದು ಮಾತ್ರ. ಕಳೆದ ಸುಗ್ಗಿಯಲ್ಲಿ ಅಕ್ಕ ತೀರಿಕೊಂಡಳು.

ಅವಳು ಓದಿದ ಕಂತನ್ನಾದರೂ ಕೊಡಿ ಎಂದು ಕಚೇರಿಗೆ ಕೇಳಿ ಕೇಳಿ ಸಾಕಾಗಿದೆ. ಓದುಗರು ಸತ್ತರೆ ಅವರ ಒಬ್ಬೋಲೆಯನ್ನೂ ಅಳಿಸಿಬಿಡುತ್ತಾರಂತೆ. ಬದಲಿಗೆ, ನನ್ನ ದುಃಖ ಕಂಡ ಗೋಡೆ ಈಗ ಹೊಸ ಕಥೆಯೊಂದನ್ನು ಕೊಡುತ್ತಿದೆ. ಅದರಲ್ಲಿ ಒಬ್ಬ ಅಕ್ಕ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಬರುತ್ತಾಳೆ. ಬೇಡ ಎಂದು ಕೂಗಿದರೆ ಮರುದಿನ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾಳೆ. ಬೈದು ಬರೆಯೋಣವೆಂದರೆ ನಮ್ಮ ಪತ್ರಿಕೆಗೆ ಸಂಪಾದಕರೇ ಇಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಇಂದುಮತಿಯ ಕಥೆ ಮುಗಿದ ಆ ಸಂಚಿಕೆ ನಿಮ್ಮ ಕಾಲದ ಗದಗದಲ್ಲಿ ಯಾರದೋ ಮನೆಯಲ್ಲಿ ಬಿದ್ದಿರಬೇಕು. ಎರವಲು ತಂದದ್ದಾದರೆ ದಯವಿಟ್ಟು ಮರಳಿಸಿ. ನಮ್ಮ ಮುತ್ತಜ್ಜಿಯ ಅಜ್ಜಿ ಅದನ್ನೂ ಪುಸ್ತಕಕ್ಕೆ ಹೊಲಿದಿಡುತ್ತಾಳೆ, ನನಗೆ ತಲುಪುತ್ತದೆ. ನಿಮಗೆಲ್ಲ ಅಚ್ಚಾಗಿ ಬಂದ ಆ ಒಂದೇ ಮುಕ್ತಾಯ ನನಗೆ ಬೇಕು. ಇಂದುಮತಿ ರೈಲು ಹತ್ತಿದ್ದರೆ ಇನ್ನೂ ಒಳ್ಳೆಯದು. ಅಕ್ಕನ ಫೋಟೋದ ಮುಂದೆ ಕೂತು, ನಾನು ಸೋತೆ ಎಂದು ಒಮ್ಮೆ ಹೇಳಬೇಕಾಗಿದೆ.