ಎರಡನೆಯ ಲೋಟ

ಮಾರ್ಚ್ ೧೧, ಮಂಗಳವಾರ

ಆ ಎರಡನೆಯ ಲೋಟ ತಲೆಯಿಂದ ಇಳಿಯುತ್ತಲೇ ಇಲ್ಲ.

ಹೋಟೆಲಿನಲ್ಲಿ ನಮಗೆ ಮೊದಲು ಕಲಿಸುವುದೇ ಇದು: ಬಾಗಿಲಲ್ಲೇ ಗಿರಾಕಿಗಳ ತಲೆ ಎಣಿಸಿ, ಅವರು ಕೂರುವಷ್ಟರಲ್ಲಿ ಅಷ್ಟು ಲೋಟ ನೀರು ಇಡಬೇಕು. ಈಗೀಗ ಕಣ್ಣಿನ ಹಂಗಿಲ್ಲದೆ ಕೈಯೇ ಎಣಿಸುತ್ತದೆ. ಇವತ್ತು ಮಧ್ಯಾಹ್ನ ಕಿಟಕಿ ಪಕ್ಕದ ಟೇಬಲ್ಲಿಗೆ ಒಬ್ಬ ಮುದುಕ ಬಂದು ಕೂತ. ನಾನು ಎರಡು ಲೋಟ ಇಟ್ಟೆ. ನೋಡಿದರೆ ಎದುರಿನ ಕುರ್ಚಿ ಖಾಲಿ. ನಾಲಿಗೆ ಕಚ್ಚಿಕೊಂಡು ಒಂದನ್ನು ತೆಗೆಯಹೋದಾಗ ಅವನು ಕೈ ಅಡ್ಡ ಹಿಡಿದ.

"ಇರ್ಲಿ ಬಿಡಮ್ಮ. ಬೇರೆ ಯಾವ ಹೋಟ್ಲಲ್ಲೂ ಅವಳಿಗೆ ನೀರು ಇಡಲ್ಲ."

ಅವನು ಹೋದ ಮೇಲೆ ಟಿಪ್ಸ್ ಎರಡು ಕಡೆ ಇತ್ತು. ಅವನ ತಟ್ಟೆಯ ಕೆಳಗೊಂದು ನೋಟು, ಎದುರಿನ ಲೋಟದ ಕೆಳಗೊಂದು. ಆ ಲೋಟ ಬರಿದಾಗಿತ್ತು.

ನಮ್ಮಲ್ಲಿ ಟಿಪ್ಸೆಲ್ಲ ಒಂದೇ ಡಬ್ಬಿಗೆ, ಆಮೇಲೆ ಎಲ್ಲರಿಗೂ ಪಾಲು. ಕ್ಯಾಷಿಯರಕ್ಕ ಸಂಗತಿ ಕೇಳಿದ್ದೇ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಲೋಟದ ಕೆಳಗಿಂದು ನಿಂಗೇ ಕೊಟ್ಟಿರೋದು ಕಣೆ. ನಮ್ಮದ್ರಲ್ಲಿ ಬೆರೆಸ್ಬೇಡ, ಮನೆಗೆ ತಗೊಂಡ್ಹೋಗು."

ಪುಕ್ಕಲಿ! ನನಗೆ ನಗು ಬಂತು. ಬಾಡಿಗೆ ಕಟ್ಟುವವಳಿಗೆ ಯಾರ ದುಡ್ಡಾದರೇನು ಎಂದು ಪರ್ಸಿಗೆ ಹಾಕಿಕೊಂಡು ಬಂದೆ.

ಈ ಕೋಣೆಯಲ್ಲಿ ಇರುವುದು ನಾನೊಬ್ಬಳೇ. ಬಂದವಳೇ ದೀಪ ಹಾಕಿ, ನೋಯುವ ಕಾಲಿಗೆ ಬೈಯುತ್ತ, ಮೇಜಿನ ಮೇಲೆ ನೀರು ತಂದಿಟ್ಟು ಇದನ್ನು ಬರೆಯಲು ಕೂತೆ. ಒಂದು ಗುಟುಕು ಕುಡಿಯೋಣವೆಂದು ಈಗಷ್ಟೇ ಕೈ ಚಾಚಿದೆ.

ಎರಡು ಲೋಟ ಇಟ್ಟಿದ್ದೇನೆ.

ಸುಸ್ತಿಗೆ ಹೀಗಾಗಿರಬೇಕು. ಎದ್ದು ಒಂದನ್ನು ಒಳಗಿಟ್ಟು ಬರಬೇಕು, ಆದರೆ ಎದುರಿನ ಕುರ್ಚಿಯ ಕಡೆ ತಲೆ ಎತ್ತಲು ಆಗುತ್ತಿಲ್ಲ. ಅದರ ಮುಂದಿನ ಲೋಟದಲ್ಲಿ ನೀರು ಅರ್ಧಕ್ಕೆ ಇಳಿದಿ—