ಪಂಪ್‌ಹೌಸಿನ ನೀರು

ಏಪ್ರಿಲ್ ೧೧

ನನ್ನ ಚಿನ್ನು,

ನಿನ್ನ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾಯಿತು, ಮುನಿಸಿಕೊಂಡಿದ್ದರೆ ಬೈದುಬಿಡು. ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯಾ? ಕಾಲಿನ ಊತ ಇಳಿಯಿತೇ?

ಹೆರಿಗೆಗೆ ಅಕ್ಕನ ಮನೆಗೇ ಬರುತ್ತೇನೆ ಎಂದು ಬರೆದಿದ್ದೀಯ. ಬೇಡ. ಮುಖ ಊದಿಸಿಕೊಳ್ಳುವ ಮೊದಲು ಕಾರಣ ಕೇಳು.

ಬೇಸಿಗೆ ಹತ್ತಿದ ಮೇಲೆ ನಮ್ಮ ಹೊಳೆ ಹರಿಯುವುದನ್ನೇ ಬಿಟ್ಟಿದೆ. ಮೇಲಿನ ಕಸಾಯಿಖಾನೆಯ ರಕ್ತ, ಊರಿನ ಚರಂಡಿ ಎಲ್ಲ ಅದರಲ್ಲೇ ಕೊಳೆಯುತ್ತಿವೆ. ಮೀನುಗಳು ಉಸಿರಿಗಾಗಿ ಬಾಯಿ ಮೇಲೆತ್ತಿ ಒದ್ದಾಡಿ ಸತ್ತು ತೇಲಿದವು. ಕಿಟಕಿ ಮುಚ್ಚಿಟ್ಟರೂ ಆ ಕೊಳೆತ ಗಾಳಿಗೆ ಕಪಾಟಿನೊಳಗಿನ ಬೆಳ್ಳಿ ಚಮಚ ಕಪ್ಪಾಗಿದೆ.

ಆ ಹೊಳೆಯ ನೀರನ್ನೇ ಊರಿನ ನಲ್ಲಿಗಳಿಗೆ ಬಿಡುವ ಪಂಪ್‌ಹೌಸಿನಲ್ಲಿ ಕೆಲಸ ಮುಗಿಸಿ ಬಂದು ನಿನ್ನ ಭಾವ ತಟ್ಟೆ ಪಕ್ಕಕ್ಕೆ ಸರಿಸಿಬಿಡುತ್ತಾರೆ. "ಎಷ್ಟು ಕ್ಲೋರಿನ್ ಸುರಿದ್ರೂ ಕೊಳೆನೇ ನುಂಗ್ಬಿಡುತ್ತೆ. ನಲ್ಲಿಗೆ ಹೋಗೋ ಹೊತ್ತಿಗೆ ಏನೂ ಉಳಿಯಲ್ಲ" ಎಂದರು. ಇಂಜಿನಿಯರಿಗೂ ಹೇಳಿದರಂತೆ. ಅವರು ತಲೆತಗ್ಗಿಸಿ, "ನಂಗೂ ಗೊತ್ತು ಕಣಯ್ಯಾ. ಪಂಪ್ ನಿಲ್ಸಿದ್ರೆ ಊರಿಗೆ ಏನು ಕುಡಿಸ್ಲಿ?" ಎಂದರಂತೆ. ಪಂಪ್ ನಿಲ್ಲಲಿಲ್ಲ.

ಮೊದಲು ಕಾಮಾಲೆ ಬಂದದ್ದು ಎದುರುಮನೆ ದರ್ಜಿಯ ಸೊಸೆಗೆ. ನಿನ್ನ ಹಾಗೇ ತುಂಬು ಬಸುರಿ. "ಬಾಯಿಗೆ ಏನೂ ಸೇರ್ತಿಲ್ಲ ಅಕ್ಕಾ" ಎಂದು ನಗುತ್ತಲೇ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ, ಮಗುವೂ ಉಳಿಯಲಿಲ್ಲ. ದರ್ಜಿ ದಿನಾ ಅಂಗಡಿ ತೆರೆಯುತ್ತಾರೆ. ಮೆಷಿನ್ ಮುಂದೆ ಕೂತಿರುತ್ತಾರೆ, ತುಳಿಯುವುದಿಲ್ಲ.

ಡಾಕ್ಟರಮ್ಮ ಬೀದಿಯವರನ್ನೆಲ್ಲ ಕರೆದು, "ಇದು ಕುಡಿಯೋ ನೀರಿಂದ ಬರೋ ಕಾಮಾಲೆ. ಬೇರೆಯವ್ರು ಸುಧಾರಿಸ್ಕೋಬಹುದು, ಬಸುರಿಯರ ಜೀವಕ್ಕೇ ಕುತ್ತು. ನೀರು ಕುದಿಸ್ದೆ ಕುಡೀಬೇಡಿ" ಎಂದರು. ಈಗ ಎಲ್ಲರ ಮನೆಯಲ್ಲೂ ಒಲೆ ಆರುವುದಿಲ್ಲ. ಆದರೂ ಪಕ್ಕದ ಬೀದಿಯಲ್ಲಿ ಮತ್ತಿಬ್ಬರು ಮಲಗಿದ್ದಾರೆ.

ಅದಕ್ಕೇ ಹೇಳುವುದು, ನಿನ್ನ ಅತ್ತೆಯ ಹತ್ತಿರವೇ ಇರು. ಅವರ ನಾಲಿಗೆ ಖಾರವಾದರೂ ಬಾವಿಯ ನೀರು ಸಿಹಿ. ಅದನ್ನೂ ಕುದಿಸಿಯೇ ಕುಡಿ. ಹೊಟ್ಟೆಯಲ್ಲಿರುವ ಕೂಸು ಸುಖವಾಗಿ ನಿನ್ನ ಮಡಿಲಿಗೆ ಬರಲಿ, ನೀನು ತಣ್ಣಗಿರು.

ನಿನ್ನ ಅಕ್ಕ

ಮತ್ತೊಂದು ಮಾತು: ನಾನೂ ಬಸುರಿ, ಚಿನ್ನು. ಇಷ್ಟು ವರ್ಷಗಳ ಮೇಲೆ ಎಂಬ ನಾಚಿಕೆಗೆ ಯಾರಿಗೂ ತಿಳಿಸಿರಲಿಲ್ಲ; ನೀನು ಬಂದಾಗ ಹೇಳೋಣವೆಂದಿದ್ದೆ. ನೀರು ಕುದಿಸಲು ಶುರುಮಾಡಿದ್ದು ತಡವಾಯಿತು. ಇವತ್ತು ಬೆಳಿಗ್ಗೆ ನಿನ್ನ ಭಾವ ನನ್ನ ಕಣ್ಣು ನೋಡಿ, ಗೋಡೆಯ ಕನ್ನಡಿ ತೆಗೆದಿಟ್ಟರು. ಆಸ್ಪತ್ರೆಗೆ ಬಟ್ಟೆ ಕಟ್ಟುತ್ತಿದ್ದಾರೆ. ಏನು ಕೇಳಿದರೂ ಒಂದೇ ಮಾತು: "ಪಂಪ್ ನಡ್ಸಿದ್ದು ನಾನೇ ಅಲ್ವಾ."